ಚಕ್ರದ ಮೇಲಿನ ಮನೆಗೆ ಹೆಸರೇನು?

ಗಾಡಿಗೆ ಬಿದಿರಿನ ಕಮಾನು ಕಟ್ಟಿ, ಒಳಗೆ ಹುಲ್ಲು ಹಾಸಿ, ಹಿಟ್ಟು, ಪಾತ್ರೆ, ಮಕ್ಕಳುಮರಿ ಸಮೇತ ಜಾತ್ರೆಗೆ ಹೊರಡುತ್ತಿದ್ದ ಸಂಸಾರಗಳನ್ನು ಕಂಡವರಿಗೆ ಚಲಿಸುವ ಮನೆ ಹೊಸತಲ್ಲ. ರಾಯಚೂರು ಸೀಮೆಯವರು ಅದನ್ನು ಕಮಾನು ಬಂಡಿ, ಸವಾರಿ ಬಂಡಿ ಎಂದರು. ಹೊರೆಯ ಬಂಡಿ ಬೇರೆ, ಸವಾರಿಯ ಬಂಡಿ ಬೇರೆ. ಕೆಲಸ ನೋಡಿ ಹೆಸರು.

ಆ ಸೀಮೆಯ ಅಂಚಿನಲ್ಲಿರುವ ಗದ್ವಾಲ, ಕೃಷ್ಣೆಯಾಚೆಯ ಮಕ್ತಲ, ನಾರಾಯಣಪೇಟೆಗಳಲ್ಲಿ ಇಂದಿಗೂ ಕನ್ನಡದ ಮನೆಗಳಿವೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತಷ್ಟೆ. ಅದೇ ದಿನ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಿಂದ ಕಳಚಿ ಆಂಧ್ರಪ್ರದೇಶಕ್ಕೆ ಸೇರಿತು. ಈಗ ಅದು ತೆಲಂಗಾಣ. ನೆಂಟಸ್ತಿಕೆಗೂ ಕ್ಷೇತ್ರಯಾತ್ರೆಗೂ ಗಡಿ ದಾಟುವುದು ಅವರಿಗೂ ನಮಗೂ ಸಮಾನ. ಗಡಿ ದಾಟುವ ಮೋಟಾರು ಮನೆಗೆ ಕಾಗದಪತ್ರಗಳು ಬೇಕು; ಆ ಪತ್ರಗಳಲ್ಲಿ ಹೆಸರಿನದೇ ಮುಖ್ಯ ಮಾತು.

ಅಮೆರಿಕದಲ್ಲಿ ಇವನ್ನು ಮೂರು ವರ್ಗ ಮಾಡಿದ್ದಾರೆ. ಬಸ್ಸು ಅಥವಾ ಭಾರಿ ಲಾರಿಯ ಅಡಿಗಟ್ಟಿನ ಮೇಲೆ ಕಟ್ಟಿದ ದೊಡ್ಡದು 'ಎ'. ವ್ಯಾನಿನೊಳಗೇ ಹಾಸಿಗೆ, ಒಲೆ ಜೋಡಿಸಿದ ಚಿಕ್ಕದು 'ಬಿ'. ಚಾಲಕನ ಕೋಣೆ ವ್ಯಾನಿನದು, ಹಿಂದಿನ ಮನೆ ಬೇರೆ ಕಟ್ಟಿದ್ದು, ಚಾಲಕನ ತಲೆಯ ಮೇಲೊಂದು ಅಟ್ಟವಿರುವುದು 'ಸಿ'. ಅಕ್ಷರದಲ್ಲಿ ಕೊನೆಯದಾದರೂ ಗಾತ್ರದಲ್ಲಿ ಇದು ನಡುವಿನದು. ಕಾರಿನ ಹಿಂದೆ ಕಟ್ಟಿ ಎಳೆಯುವ, ಎಂಜಿನ್ ಇಲ್ಲದ ಮನೆಗೆ ಅಲ್ಲಿ ಟ್ರೈಲರ್ ಎಂದು ಹೆಸರು. ಇಂಗ್ಲೆಂಡಿನವರು ಅದನ್ನೇ ಕ್ಯಾರವಾನ್ ಎನ್ನುತ್ತಾರೆ. ನಮ್ಮಲ್ಲಾದರೋ ಕ್ಯಾರವಾನ್ ಎಂದೊಡನೆ ಸಿನಿಮಾ ತಾರೆಯರ ವಿಶ್ರಾಂತಿ ಬಸ್ಸು ಕಣ್ಣಮುಂದೆ ಬರುತ್ತದೆ. ಪಾರಸಿಯ ಮೂಲ ಪದಕ್ಕೆ ಕೂಡಿ ಪ್ರಯಾಣ ಮಾಡುವ ತಂಡವೆಂದಷ್ಟೇ ಅರ್ಥ.

ಭಾರತದ ವಾಹನ ನೋಂದಣಿಯಲ್ಲಿ 'ಮೋಟಾರ್ ಕ್ಯಾರವಾನ್' ಒಂದು ವರ್ಗ, 'ಕ್ಯಾಂಪರ್ ವ್ಯಾನ್ ಅಥವಾ ಟ್ರೈಲರ್' ಇನ್ನೊಂದು. ಕ್ಯಾಂಪರಿನಲ್ಲಿಯೂ ಸ್ವಂತ ಬಳಕೆಯದು ಬೇರೆ, ಬಾಡಿಗೆಯದು ಬೇರೆ. ಕೂರಲು ಆಸನ ಹಾಗೂ ಮೇಜು, ಮಲಗುವ ಜಾಗ, ಅಡುಗೆಯ ಅನುಕೂಲ, ಸಾಮಾನಿಡುವ ಕಪಾಟು, ಇವಿದ್ದರೆ ಮೋಟಾರ್ ಕ್ಯಾರವಾನ್. ತೆರಿಗೆ, ವಿಮೆ, ಪರ್ಮಿಟ್ಟುಗಳೆಲ್ಲ ಪುಸ್ತಕದಲ್ಲಿ ಬರೆದ ಈ ವರ್ಗವನ್ನೇ ಹಿಡಿದು ನಡೆಯುತ್ತವೆ.

ಇದನ್ನು ಕಡೆಗಣಿಸಿದರೆ ಏನಾದೀತೆಂಬುದನ್ನು ನೆರೆಯ ಕಣ್ಣೂರು ಕಂಡಿದೆ. 2021ರಲ್ಲಿ ಇಬ್ಬರು ಸಹೋದರರು ಮಾರ್ಪಡಿಸಿದ್ದ ಪ್ರವಾಸದ ವ್ಯಾನನ್ನು ಮೋಟಾರು ವಾಹನ ಇಲಾಖೆಯವರು ವಶಪಡಿಸಿಕೊಂಡರು; ರಾಜ್ಯವೆಲ್ಲ ಗದ್ದಲವಾಯಿತು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿತ್ತು. ಆ ಮೊಕದ್ದಮೆಯೂ ಕೇರಳದ್ದೇ. ಅದೇ 2021ರಲ್ಲಿ ಕೇರಳ ಸರಕಾರ ಕ್ಯಾರವಾನ್ ಪ್ರವಾಸದ ನೀತಿಯನ್ನು ಸಾರಿತು. ಇಬ್ಬರಿಗೊಂದು, ನಾಲ್ವರ ಸಂಸಾರಕ್ಕೊಂದು ಎಂದು ಎರಡು ಬಗೆಯ ವಾಹನಗಳನ್ನು ಅದು ಹೇಳಿದೆ. ಚಕ್ರದ ಮನೆಗೆ ಸರಕಾರದ ವಿರೋಧವಿಲ್ಲ. ತಪ್ಪು ಹೆಸರಿನ ಮನೆಗೆ ಮಾತ್ರ ವಿರೋಧ.

ಹಳೆಯ ವ್ಯಾನಿಗೆ ಹಾಸಿಗೆ ಹಾಕಿಸುವ ಯೋಚನೆಯಿದ್ದವರು ಬಡಗಿಯನ್ನು ಕರೆಯುವ ಮೊದಲು ಆರ್.ಟಿ.ಓ. ಕಚೇರಿಯ ಅನುಮತಿ ಪಡೆಯಲಿ. ಬಾಡಿಗೆಗೆ ಪಡೆಯುವವರು ವಾಹನದ ಬಣ್ಣಕ್ಕೆ ಮರುಳಾಗದೆ ನೋಂದಣಿ ಪುಸ್ತಕವನ್ನು ಕೇಳಿ ನೋಡಲಿ. 'ಸ್ವಂತ ಬಳಕೆ' ಎಂದು ಬರೆದ ವಾಹನದಲ್ಲಿ ಬಾಡಿಗೆ ಕೊಟ್ಟು ಹೋಗಿ, ಅಪಘಾತವಾದರೆ ವಿಮೆಯ ಹಣಕ್ಕೆ ಅಲೆಯಬೇಕಾದೀತು. ಕಮಾನು ಬಂಡಿಯನ್ನು ಯಾವ ಗಡಿಯಲ್ಲೂ ಯಾರೂ ಹೆಸರು ಕೇಳುತ್ತಿರಲಿಲ್ಲ. ಮೋಟಾರು ಮನೆಯನ್ನು ಕೇಳುತ್ತಾರೆ.