ಮಸ್ಕಿ ಸೀಮೆಯ ಆಟಿಕೆಗಳೂ ಅವುಗಳ ಸಂಗ್ರಹವೂ

ಪುರಾತನ ಆಟಿಕೆಗಳನ್ನೂ, ಪ್ರಣಯಿಗಳು ಫೆಬ್ರವರಿ ೧೪ರಂದು ಪರಸ್ಪರ ಕಳುಹುವ ವ್ಯಾಲಂಟೈನ್ ಪತ್ರಗಳನ್ನೂ ಕೂಡಿಡುವ ಹವ್ಯಾಸವು ಪಾಶ್ಚಾತ್ಯರಲ್ಲಿ ಪ್ರಸಿದ್ಧವಾದುದು. ಇವೆರಡನ್ನೂ ಹೋಲುವ ವಸ್ತುಗಳು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆಯಲ್ಲಿಯೂ ಉಂಟು. ಆದರೆ ಅವುಗಳಲ್ಲಿ ಒಂದು ನೀರಿನಲ್ಲಿ ಕರಗತಕ್ಕದ್ದು, ಮತ್ತೊಂದು ತಿಂದು ಮುಗಿಸತಕ್ಕದ್ದು.

ತಿನ್ನತಕ್ಕದ್ದು ಸಕ್ಕರೆ ಆರತಿ. ಕಾರ್ತಿಕ ಪೂರ್ಣಿಮೆಗೆ ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಯೆಂದು ಹೆಸರು. ನಿಶ್ಚಿತಾರ್ಥವಾದ ಕನ್ಯೆಗೆ ವರನ ಮನೆಯವರು ಆಗ ಸೀರೆ, ಬಳೆ, ಹೂವುಗಳೊಡನೆ ಸಕ್ಕರೆಯ ತೇರು, ಆನೆ, ಗಿಳಿ, ನವಿಲುಗಳನ್ನು ಒಯ್ದು ಕೊಡುವರು. ಕನ್ಯೆಯ ಮನಸ್ಸನ್ನು ಒಲಿಸಿಕೊಳ್ಳುವವನು ನೂಲು, ಮರ, ಕೊಂಬು, ದಂತ, ಮೇಣ, ಹಿಟ್ಟು, ಮಣ್ಣುಗಳ ಗೊಂಬೆಗಳನ್ನು ತೋರಿಸಬೇಕೆಂದು ವಾತ್ಸ್ಯಾಯನನು ಕಾಮಸೂತ್ರದ ಮೂರನೆಯ ಅಧಿಕರಣದಲ್ಲಿ ಹೇಳಿದ್ದಾನೆ. ಸಕ್ಕರೆಯನ್ನು ಅವನು ಮರೆತನು. ಆ ಲೋಪವನ್ನು ಈ ನಾಡಿನ ಗೃಹಿಣಿಯರು ತುಂಬಿದರೆನ್ನಬಹುದು. ಪಾಕಕ್ಕೆ ಹಾಲೆರೆದು ಕಲ್ಮಷವನ್ನು ತೆಗೆದು, ನೀರಿನಲ್ಲಿ ನೆನೆಸಿದ ಮರದ ಅಚ್ಚಿನ ಹೋಳುಗಳನ್ನು ಬಿಗಿದು ಕಟ್ಟಿ, ಅದರೊಳಗೆ ಸುರಿದು, ಆರಿದ ಬಳಿಕ ಬಿಡಿಸುತ್ತಾರೆ. ಆದಕಾರಣ ಸಂಗ್ರಾಹಕನಿಗೆ ದೊರೆಯುವುದು ಗೊಂಬೆಯಲ್ಲ, ಅದರ ಅಚ್ಚು. ಅದೂ ಅಟ್ಟದಿಂದಿಳಿದು ಅಂಗಡಿಯನ್ನು ಸೇರಿತೆಂದರೆ ಯಾವ ಊರಿನದು, ಯಾರ ಮನೆಯದು ಎಂಬುದೆಲ್ಲ ಅಳಿದು, ಕೆತ್ತಿದ ಮರದ ತುಂಡು ಮಾತ್ರ ಉಳಿಯುತ್ತದೆ.

ಈ ವಿಷಯದಲ್ಲಿ ರಾಬರ್ಟ್ ಬ್ರೂಸ್ ಫೂಟನ ಕ್ರಮವು ಅನುಕರಣೀಯವಾದುದು. ಭೂಗರ್ಭಶಾಸ್ತ್ರಜ್ಞನಾದ ಈತನು ೧೮೭೦ರಲ್ಲಿಯೂ ೧೮೮೮ರಲ್ಲಿಯೂ ಮಸ್ಕಿಯ ಪ್ರಾಚೀನಾವಶೇಷಗಳನ್ನು ಗಮನಿಸಿದನು. ಅವನ ಸಂಗ್ರಹವು ೧೯೦೪ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿತು. ಅದರ ಪಟ್ಟಿಯು ೧೯೧೪ರಲ್ಲಿ ಪ್ರಕಟವಾಯಿತು. ವಸ್ತುಗಳು ದೊರೆತ ಸ್ಥಳಗಳು ಅದರಲ್ಲಿ ನಮೂದಾಗಿರುವುದರಿಂದಲೇ ಒಡೆದ ಮಡಕೆಯ ಚೂರೂ ಇಂದಿಗೆ ಸಾಕ್ಷ್ಯವಾಗಿದೆ. ಅಶೋಕನ ಹೆಸರುಳ್ಳ ಶಾಸನವು ೧೯೧೫ರಲ್ಲಿ ಬೆಳಕಿಗೆ ಬಂದಮೇಲೆ ಮಸ್ಕಿಯ ಖ್ಯಾತಿಯು ಬೇರೆ ದಾರಿ ಹಿಡಿಯಿತು. ೧೯೫೪ರಲ್ಲಿ ಬಿ. ಕೆ. ಥಾಪರರು ನಡೆಸಿದ ಉತ್ಖನನದಿಂದ ನವಶಿಲಾ-ತಾಮ್ರಯುಗ, ಬೃಹತ್‌ಶಿಲಾಯುಗ, ಆದ್ಯೈತಿಹಾಸಿಕ ಕಾಲಗಳ ಸ್ತರಗಳು ಸ್ಪಷ್ಟವಾದುವು.

ಇಂಥ ನೆಲೆಗಳಲ್ಲಿ ಮಣ್ಣಿನ ಪ್ರಾಣಿಬೊಂಬೆ ದೊರೆತಾಗ, ಅದು ಮಗುವಿನ ಆಟಿಕೆಯೋ ಪೂಜಾವಸ್ತುವೋ ಎಂಬ ಸಂದೇಹ ಏಳುತ್ತದೆ. ಪಾಣಿನಿಯ ಮತದಲ್ಲಿ ಕುದುರೆಯ ಪ್ರತಿಕೃತಿಯು ‘ಅಶ್ವಕ’. ಜೀವನೋಪಾಯಕ್ಕಾಗಿದ್ದು ಮಾರಾಟಕ್ಕಲ್ಲದ ಪ್ರತಿಮೆಯ ಹೆಸರಿನಲ್ಲಾದರೋ ಆ ಕನ್ ಪ್ರತ್ಯಯವು ಲೋಪವಾಗುತ್ತದೆ. ಮಣ್ಣಿನ ಚೂರಿಗೆ ಪ್ರತ್ಯಯವಿಲ್ಲ.

ಜ್ಯೇಷ್ಠ ಬಹುಳದ ಮಣ್ಣೆತ್ತಿನ ಅಮಾವಾಸ್ಯೆಯ ಆಚರಣೆಯನ್ನು ಕಂಡರೆ ಈ ವಿಭಾಗವೇ ಶಿಥಿಲವಾಗುತ್ತದೆ. ಹಸಿಮಣ್ಣಿನ ಜೋಡೆತ್ತುಗಳನ್ನೂ ಅವುಗಳ ಗೋದಲಿಯನ್ನೂ ಮಾಡಿ ಪೂಜಿಸಿ, ಬಳಿಕ ಎತ್ತುಗಳನ್ನು ನೀರಿಗೆ ಬಿಡುತ್ತಾರೆ. ಹುಡುಗರು ಮಣ್ಣಿನ ಕುಂಟೆತ್ತೊಂದನ್ನು ಹಿಡಿದು, ಅದರ ಹೆಸರಿನಲ್ಲಿ ಮನೆಮನೆಗೆ ಜೋಳ ಬೇಡಲು ಹೋಗುವ ವಾಡಿಕೆಯೂ ಉಂಟು. ದೇವರೂ ಆಟಿಕೆಯೂ ಒಂದೇ ಮಣ್ಣಿನವು. ಕುಂಟೂ ಅಲ್ಲಿ ಉದ್ದೇಶಪೂರ್ವಕವಾದುದೇ. ಹೀಗಿರಲು, ಅಗೆತದಲ್ಲಿ ಕಾಲಿಲ್ಲದ ಸುಟ್ಟಮಣ್ಣಿನ ಎತ್ತು ದೊರೆತರೆ ಅದನ್ನು ‘ಭಗ್ನ’ವೆಂದು ಬರೆಯುವುದಕ್ಕೆ ಮುಂಚೆ ಮುರಿದ ಅಂಚು ಒರಟೋ, ಸುಡುವ ಮೊದಲೇ ತೀಡಿದ ನುಣುಪೋ ಎಂಬುದನ್ನು ಪರೀಕ್ಷಿಸತಕ್ಕದ್ದು.