ಕೋಡ್ಲಾದವರ ಮೈದಾನ ಉಪ್ಪಲ್‌ನಲ್ಲಿದೆ

ಸೇಡಂ ತಾಲ್ಲೂಕಿನ ಕೋಡ್ಲಾದಿಂದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ 500 ಕಿಲೋಮೀಟರಿಗೂ ಆಚೆ. ಹೈದರಾಬಾದಿನ ಉಪ್ಪಲ್ ಅದರ ಸುಮಾರು ಮೂರನೇ ಒಂದು ಪಾಲು ದೂರ. ಸೇಡಂ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ತಾಂಡೂರು, ವಿಕಾರಾಬಾದ್ ದಾಟಿ ಸಿಕಂದರಾಬಾದ್. ಅಲ್ಲಿಂದ ಮೆಟ್ರೊದ ನೀಲಿ ಮಾರ್ಗ ಹಿಡಿದು ನಾಗೋಲ್ ಕಡೆ ಹೊರಟರೆ ‘ಸ್ಟೇಡಿಯಂ’ ಎಂಬ ಹೆಸರಿನ ನಿಲ್ದಾಣವೇ ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಹುಡುಗನಿಗೆ ತನ್ನ ಆರಾಧ್ಯ ಆಟಗಾರನನ್ನು ಕಣ್ಣಾರೆ ನೋಡಬೇಕೆಂಬ ಆಸೆ ಹುಟ್ಟಿದರೆ, ಅದು ಕೈಗೂಡುವ ಹತ್ತಿರದ ಜಾಗ ಇದೇ.

ಈ ದಾರಿ ಇಂದು ನಿನ್ನೆಯದಲ್ಲ. ನಿಜಾಮರ ಹಣದಲ್ಲಿ ವಾಡಿ-ಸಿಕಂದರಾಬಾದ್ ರೈಲು ಮಾರ್ಗ ಆದದ್ದು 1874ರಲ್ಲಿ. 1956ರ ನವೆಂಬರ್ 1ರಂದು, ಹೈದರಾಬಾದ್ ರಾಜ್ಯದಲ್ಲಿದ್ದ ಈ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಬೆಂಗಳೂರಿಗೆ ಹೋಯಿತು, ಆದರೆ ದೊಡ್ಡ ದವಾಖಾನೆ, ಮದುವೆ ಜವಳಿ, ಕೂಲಿ ಕೆಲಸ ಎಂದಾಗ ಈ ಸೀಮೆಯ ಕಾಲು ಹೈದರಾಬಾದಿನ ಕಡೆಗೇ ಹೊರಳುತ್ತ ಬಂದಿದೆ. ಕ್ರಿಕೆಟ್ಟೂ ಅದೇ ರೈಲು ಹತ್ತಿತು.

ಕೋಡ್ಲಾ ಸುತ್ತಲಿನ ನೆಲ ಎಂದರೆ ಮೇಲೆ ತೊಗರಿ, ಕೆಳಗೆ ಸುಣ್ಣದಕಲ್ಲು. ಆ ಕಲ್ಲಿನಿಂದಾಗಿ ವಾಡಿ, ಮಳಖೇಡ, ಸೇಡಂ, ಈಗ ಕೋಡ್ಲಾವರೆಗೆ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳು ಎದ್ದಿವೆ. ತೊಗರಿ ರಾಶಿ ಮುಗಿದ ಮೇಲೆ ಹೊಲದಲ್ಲೇ ಪಿಚ್ಚು. ಎರೆ ಮಣ್ಣು ಬಿರಿದಲ್ಲಿ ಟೆನಿಸ್ ಚೆಂಡು ಬಿದ್ದರೆ ಎತ್ತ ಹಾರುತ್ತದೋ ಹೇಳುವಂತಿಲ್ಲ. ಸ್ಟಂಪಿಗೆ ಶಹಾಬಾದ್ ಕಲ್ಲಿನ ಒಂದು ಪರಸಿ ನೆಟ್ಟರಾಯಿತು; ಚೆಂಡು ತಾಗಿದ ಸದ್ದಿಗೆ ಔಟೋ ಅಲ್ಲವೋ ಎಂಬ ಜಗಳಕ್ಕೆ ಆಸ್ಪದವೇ ಇಲ್ಲ. ಇಲ್ಲಿನ ಹುಡುಗರ ಬೆನ್ನ ಮೇಲೆ ಹೆಚ್ಚಾಗಿ ಕಾಣುವ ಅಂಕಿ 18, ವಿರಾಟ್ ಕೊಹ್ಲಿಯದು. ದಿಲ್ಲಿಯ ಹುಡುಗ 2008ರಿಂದ ಐಪಿಎಲ್‌ನಲ್ಲಿ ಬೆಂಗಳೂರು ತಂಡ ಬಿಟ್ಟು ಕದಲಲಿಲ್ಲ. ಆ ನಿಷ್ಠೆಯೇ ಅವನನ್ನು ಇಲ್ಲಿ ಮನೆಮಗನನ್ನಾಗಿ ಮಾಡಿದೆ ಎಂದು ನನ್ನ ನಂಬಿಕೆ.

ಉಪ್ಪಲ್‌ನ ರಾಜೀವ್ ಗಾಂಧಿ ಅಂತರರಾಷ್ಟ್ರೀಯ ಕ್ರಿಕೆಟ್ ಕ್ರೀಡಾಂಗಣದಲ್ಲಿ ಮೊದಲ ಏಕದಿನ ಪಂದ್ಯ ನಡೆದದ್ದು 2005ರ ನವೆಂಬರ್ 16ರಂದು, ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವೆ. ಅದಕ್ಕೂ ಮುಂಚೆ ಹೈದರಾಬಾದ್ ಎಂದರೆ ಲಾಲ್ ಬಹಾದ್ದೂರ್ ಶಾಸ್ತ್ರಿ ಕ್ರೀಡಾಂಗಣ. 1999ರ ನವೆಂಬರ್ 8ರಂದು ನ್ಯೂಜಿಲೆಂಡ್ ವಿರುದ್ಧ ಸಚಿನ್ ತೆಂಡೂಲ್ಕರ್ ಔಟಾಗದೆ 186, ನಮ್ಮ ರಾಹುಲ್ ದ್ರಾವಿಡ್ 153 ಬಾರಿಸಿ 331 ರನ್ನುಗಳ ಜೊತೆಯಾಟ ಆಡಿದ್ದು ಅಲ್ಲಿಯೇ.

ಉಪ್ಪಲ್‌ಗೆ ಹೆಸರು ತಂದದ್ದು ಮಾತ್ರ ಒಂದು ಸೋಲು. 2009ರ ನವೆಂಬರ್ 5ರ ಹಗಲು-ರಾತ್ರಿ ಪಂದ್ಯ. ಆಸ್ಟ್ರೇಲಿಯಾ 350 ಹೊಡೆದಿತ್ತು. ಸಚಿನ್ 141 ಎಸೆತಗಳಲ್ಲಿ 175 ಗಳಿಸಿ, ಏಕದಿನದಲ್ಲಿ 17,000 ರನ್ ದಾಟಿ, ಗೆಲುವಿನ ಬಾಗಿಲವರೆಗೆ ತಂದು ನಿಲ್ಲಿಸಿದರು. ಇನ್ನು 19 ರನ್ ಬೇಕಿದ್ದಾಗ ವಿಕೆಟ್ ಹಿಂದಕ್ಕೆ ಚೆಂಡನ್ನು ಎತ್ತಲು ಹೋಗಿ ಕ್ಯಾಚಿತ್ತರು. ಭಾರತ 347ಕ್ಕೆ ಆಲೌಟ್, ಮೂರೇ ರನ್ನಿನ ಸೋಲು. ಆ ದಿನ ಕೊಹ್ಲಿಗೆ 21 ತುಂಬಿತ್ತು.

ಮುಂದೆ ಇದೇ ಮೈದಾನ ಕೊಹ್ಲಿಗೂ ಒಲಿಯಿತು. 2017ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ವಿರುದ್ಧ ಟೆಸ್ಟಿನಲ್ಲಿ 204. ಸತತ ನಾಲ್ಕು ಸರಣಿಗಳಲ್ಲಿ ನಾಲ್ಕು ದ್ವಿಶತಕ ಎಂಬ ದಾಖಲೆ. 2019ರ ಡಿಸೆಂಬರ್ 6ರಂದು ವೆಸ್ಟ್ ಇಂಡೀಸ್ ಒಡ್ಡಿದ 208ರ ಗುರಿ ಬೆನ್ನಟ್ಟಿ 50 ಎಸೆತಗಳಲ್ಲಿ ಔಟಾಗದೆ 94.

ಆದರೂ ಉಪ್ಪಲ್ ಎಂಥ ಜಾಗ ಎಂದು ತಿಳಿಯಬೇಕಾದರೆ 2023ರ ಮೇ 18ರ ರಾತ್ರಿಯನ್ನೇ ನೋಡಬೇಕು. ಬೆಂಗಳೂರು ತಂಡದ ವಿರುದ್ಧ ಆಡುತ್ತಿದ್ದದ್ದು ಸನ್‌ರೈಸರ್ಸ್ ಹೈದರಾಬಾದ್, ಅದೂ ತನ್ನ ತವರಿನಲ್ಲಿ. ಗ್ಯಾಲರಿಯಲ್ಲಿ ಕಿತ್ತಳೆಗಿಂತ ಬೆಂಗಳೂರಿನ ಕೆಂಪೇ ಎದ್ದು ಕಾಣುತ್ತಿತ್ತು. ಹೈನ್ರಿಕ್ ಕ್ಲಾಸೆನ್ 51 ಎಸೆತಗಳಲ್ಲಿ 104 ಹೊಡೆದು ತಂಡವನ್ನು 186ಕ್ಕೆ ಮುಟ್ಟಿಸಿದರು. ಉತ್ತರವಾಗಿ ಕೊಹ್ಲಿ, ಫಾಫ್ ಡುಪ್ಲೆಸಿ ಮೊದಲ ವಿಕೆಟಿಗೇ 172 ಸೇರಿಸಿದರು. ಭುವನೇಶ್ವರ್ ಕುಮಾರ್ ಎಸೆತವನ್ನು ಸಿಕ್ಸರಿಗಟ್ಟಿ ಕೊಹ್ಲಿ ನೂರು ಮುಟ್ಟಿದರು. 2019ರ ನಂತರ ಐಪಿಎಲ್‌ನಲ್ಲಿ ಅವರ ಮೊದಲ ಶತಕ ಅದು, ಒಟ್ಟಾರೆ ಆರನೆಯದು. ಮರು ಎಸೆತಕ್ಕೆ ಔಟ್. ಸಿಕ್ಸರಿನ ಸಂಭ್ರಮದಲ್ಲಿ ಪಕ್ಕದವನನ್ನು ತಬ್ಬಿಕೊಂಡು ಕುಣಿಯುತ್ತಿದ್ದವರಿಗೆ ವಿಕೆಟ್ ಬಿದ್ದದ್ದು ತಿಳಿಯಲು ದೊಡ್ಡ ಪರದೆಯೇ ಬೇಕಾಯಿತು. ಐಪಿಎಲ್ ಇತಿಹಾಸದಲ್ಲಿ ಒಂದೇ ಪಂದ್ಯದಲ್ಲಿ ಎರಡೂ ಕಡೆಯವರು ಶತಕ ಹೊಡೆದದ್ದು ಅದೇ ಮೊದಲು.

ಟಿವಿಯಲ್ಲಿ ಚೆಂಡು ಕಾಣುತ್ತದೆ, ಮೈದಾನದಲ್ಲಿ ಮನುಷ್ಯ ಕಾಣುತ್ತಾನೆ. ಎರಡು ಎಸೆತಗಳ ನಡುವೆ ಜಾಹೀರಾತಿಲ್ಲ, ಮರುಪ್ರಸಾರವಿಲ್ಲ. ಕೊಹ್ಲಿ ಸ್ಕ್ವೇರ್ ಲೆಗ್ ಕಡೆ ನಾಲ್ಕು ಹೆಜ್ಜೆ ನಡೆಯುತ್ತಾರೆ, ಗ್ಲೌಸಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಕ್ಷೇತ್ರರಕ್ಷಕರು ಎಲ್ಲೆಲ್ಲಿದ್ದಾರೆಂದು ಒಂದು ಸುತ್ತು ಕಣ್ಣಾಡಿಸುತ್ತಾರೆ, ಜೊತೆಗಾರನ ಬಳಿ ಹೋಗಿ ಏನೋ ಅನ್ನುತ್ತಾರೆ. ಎರಡನೇ ರನ್ನಿಗೆ ತಿರುಗುವಾಗ ಬ್ಯಾಟು ಗೆರೆ ಮುಟ್ಟುವುದಕ್ಕೂ ಮೈ ಹೊರಳುವುದಕ್ಕೂ ನಡುವೆ ತೆರಪೇ ಇರುವುದಿಲ್ಲ. ಆ ವೇಗವನ್ನು ಯಾವ ಕ್ಯಾಮೆರಾವೂ ಪೂರ್ತಿ ಹಿಡಿದುಕೊಟ್ಟಿಲ್ಲ, ಏಕೆಂದರೆ ಅದು ಚೆಂಡಿನ ಹಿಂದೆ ಓಡಿರುತ್ತದೆ. ಮೇಲಿನ ಸಾಲಿನಲ್ಲಿ ಕೂತವರಿಗೆ ಇನ್ನೊಂದು ವಿಚಿತ್ರ: ಬ್ಯಾಟು ಬೀಸಿದ್ದು ಕಣ್ಣಿಗೆ ಮೊದಲು, ಚೆಂಡು ತಾಗಿದ ‘ಟಕ್’ ಕಿವಿಗೆ ಆಮೇಲೆ. ನೂರು ಮೀಟರ್ ದಾಟಿ ಬರಲು ಶಬ್ದಕ್ಕೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಬೇಕು. ಬೌಲರ್ ಓಡಿ ಬರುವಾಗ ಜನ ಉಸಿರು ಬಿಗಿಹಿಡಿದರೆ ಮಾತ್ರ ಅದು ಕೇಳಿಸುವುದು.

ಎಲ್ಲಿ ಕೂರಬೇಕು ಎಂಬುದನ್ನೂ ಹೇಳಲೇಬೇಕು. ಉಪ್ಪಲ್‌ನ ಪಿಚ್ ಉತ್ತರ-ದಕ್ಷಿಣವಾಗಿದೆ. ಚೆಂಡಿನ ತಿರುವು, ಸ್ವಿಂಗ್ ನೋಡುವ ಹುಚ್ಚಿದ್ದವರಿಗೆ ಆ ಎರಡು ತುದಿಗಳು. ರನ್ನಿನ ಓಟ, ಎಲ್ಲೆ ಬಳಿಯ ಕ್ಷೇತ್ರರಕ್ಷಣೆ ನೋಡಲು ಪೂರ್ವ, ಪಶ್ಚಿಮದ ಬದಿಗಳೇ ಚೆಂದ. ಮಧ್ಯಾಹ್ನದ ಪಂದ್ಯಕ್ಕೆ ಪೂರ್ವದ ಬದಿ ಹಿಡಿದರೆ ಇಳಿಬಿಸಿಲು ನೇರ ಕಣ್ಣಿಗೇ. ಗೇಟಿನಲ್ಲಿ ಚೀಲ, ನೀರಿನ ಬಾಟಲಿ, ಪವರ್ ಬ್ಯಾಂಕ್ ಬಿಡುವುದಿಲ್ಲ. ಹಾಗಾಗಿ ಕಟ್ಟಿಕೊಂಡು ಬಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ರೈಲಿನಲ್ಲೇ ಮುಗಿಯಬೇಕು.

ಜನಸಂದಣಿಯ ಮಾತನ್ನು ಮುಚ್ಚಿಡಬಾರದು. 2022ರ ಸೆಪ್ಟೆಂಬರ್ 22ರಂದು ಉಪ್ಪಲ್ ಪಂದ್ಯದ ಟಿಕೆಟ್ಟಿಗಾಗಿ ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದಲ್ಲಿ ನೂಕುನುಗ್ಗಲಾಗಿ ಜನ ಗಾಯಗೊಂಡರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಬೆಂಗಳೂರು ತಂಡ ಹದಿನೆಂಟು ವರ್ಷ ಕಾದ ಐಪಿಎಲ್ ಗೆಲುವಿನ ಮರುದಿನವೇ, 11 ಮಂದಿ ಕಾಲ್ತುಳಿತಕ್ಕೆ ಬಲಿಯಾದರು. ಅವರೂ ತಮ್ಮ ಹೀರೊನನ್ನು ಒಮ್ಮೆ ನೋಡಲೆಂದೇ ಹೋದವರು. ಆ ಮನೆಗಳ ದುಃಖಕ್ಕೆ ಯಾವ ಕಪ್ಪೂ ಸಾಟಿಯಲ್ಲ. ಗೇಟು ಎಷ್ಟು, ಎಷ್ಟು ಹೊತ್ತಿಗೆ ತೆರೆಯುತ್ತವೆ, ಎಷ್ಟು ಜನಕ್ಕೆ ಟಿಕೆಟ್ ಕೊಟ್ಟಿದೆ ಎಂದು ಮೊದಲೇ ಸ್ಪಷ್ಟವಾಗಿ ಸಾರುವುದು ಸಂಘಟಕರ ಹೊಣೆ. ಹಳ್ಳಿಯಿಂದ ಗುಂಪಾಗಿ ಹೋಗುವ ಹುಡುಗರು ಚದುರಿದರೆ ಎಲ್ಲಿ ಸೇರಬೇಕೆಂದು ಗೊತ್ತುಮಾಡಿಕೊಂಡು ಗೇಟಿನೊಳಗೆ ಹೋಗಲಿ, ಟಿಕೆಟ್ ಸಿಗದಿದ್ದರೆ ಗೇಟಿನ ಹತ್ತಿರ ಸುಳಿಯದಿರಲಿ.

ಕೊಹ್ಲಿ 2024ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಟಿ20ಗೆ, 2025ರ ಮೇ 12ರಂದು ಟೆಸ್ಟಿಗೆ ವಿದಾಯ ಹೇಳಿದರು; ಅವರನ್ನು ಕಣ್ಣಾರೆ ನೋಡುವ ಅವಕಾಶ ಇನ್ನು ಕಡಿಮೆ. ಕಾರ್ಖಾನೆಯಲ್ಲಿ ಪಾಳಿ ಬದಲಿಸಿಕೊಂಡು, ಮನೆಯಲ್ಲಿ ಅವ್ವನನ್ನು ಒಪ್ಪಿಸಿ ಹೊರಡುವ ಹುಡುಗನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ವೇಳಾಪಟ್ಟಿ ಬಂದ ದಿನ ಅವನು ಮೊದಲು ಹುಡುಕುವುದು ಹೈದರಾಬಾದ್-ಬೆಂಗಳೂರು ಪಂದ್ಯದ ತಾರೀಖು, ಆಮೇಲೆ ಮರುದಿನ ಬೆಳಿಗ್ಗೆ ಸಿಕಂದರಾಬಾದಿನಿಂದ ಸೇಡಂ ಕಡೆಗೆ ಹೊರಡುವ ಮೊದಲ ರೈಲು.