ಗೋಡೆ ಮುಚ್ಚುವ ಮುನ್ನ

ಚಾರ್ಮಾಡಿಯ ಸೀಮೆಯಲ್ಲಿ ಮನೆಗೆಲಸಕ್ಕೂ ಒಂದು ಋತುವುಂಟು. ಘಟ್ಟದ ಬುಡದಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಮಾಡು ಬಿಚ್ಚುವ ಧೈರ್ಯ ಯಾರಿಗೂ ಇರುವುದಿಲ್ಲವಾದಕಾರಣ, ಅಡಿಕೆಯ ಹಣ ಕೈಸೇರಿದ ಮೇಲೆ, ಮಾಘ ಫಾಲ್ಗುಣಗಳ ಒಣಬಿಸಿಲಿನಲ್ಲಿ, ಕಕ್ಕಿಂಜೆ, ಮುಂಡಾಜೆ, ನೆರಿಯದ ಹಂಚಿನ ಮನೆಗಳಲ್ಲಿ ಅಡಿಗೆಮನೆಯ ಜೀರ್ಣೋದ್ಧಾರ ಆರಂಭವಾಗುತ್ತದೆ. ಒಲೆಯ ಹೊಗೆಗೆ ಕಪ್ಪಾದ ಅಟ್ಟವನ್ನು ಇಳಿಸಿ, ಕೆಂಪುಕಲ್ಲಿನ ಗೋಡೆಗೆ ಟೈಲ್ಸು ಕೂರಿಸಿ, ಗ್ರಾನೈಟಿನ ಕಟ್ಟೆ ಕಟ್ಟಿ, ರುಬ್ಬುವ ಕಲ್ಲನ್ನು ಹಿತ್ತಿಲಿಗೆ ಸಾಗಿಸುವ ಈ ಉತ್ಸಾಹದ ಮಧ್ಯದಲ್ಲಿ, ವಯರಿಂಗಿನ ವಿಷಯವು ಗೃಹಸ್ಥನ ಗಮನಕ್ಕೆ ಬರುವುದು ಸಾಮಾನ್ಯವಾಗಿ ಸ್ವಿಚ್ಚುಗಳ ಬಣ್ಣವನ್ನು ಆರಿಸುವ ದಿನ ಮಾತ್ರ.

ಆ ದಿನಕ್ಕಾಗಲೇ ಕಾಲ ಮಿಂಚಿರುತ್ತದೆ. ಕಣ್ಣಿಗೆ ಕಾಣುವ ಸ್ವಿಚ್ಚು, ಬೋರ್ಡುಗಳು ಕೆಟ್ಟರೆ ಅರ್ಧ ಗಂಟೆಯಲ್ಲಿ ಬದಲಾಯಿಸಬಹುದಾದ ವಸ್ತುಗಳು. ಇಪ್ಪತ್ತು ಮೂವತ್ತು ವರ್ಷ ಬಾಳಬೇಕಾದ ತಂತಿ, ಪೈಪು, ಜೋಡಣೆಗಳಾದರೋ ಗಾರೆಯೊಳಗೆ ಹುದುಗಿ ಅಗೋಚರವಾಗುವಂಥವು. ಗೋಡೆಗೆ ಕಾಲುವೆ ಕೊರೆದ ದಿನಕ್ಕೂ ಮೇಸ್ತ್ರಿಯು ಅದನ್ನು ಗಾರೆಯಿಂದ ಮುಚ್ಚುವ ದಿನಕ್ಕೂ ನಡುವೆ ದೊರೆಯುವ ಅಲ್ಪಾವಕಾಶದಲ್ಲಿಯೇ ಈ ಕೆಲಸದ ಗುಣಾವಗುಣಗಳನ್ನು ಕಂಡು ನಿರ್ಣಯಿಸಬೇಕು.

ಹಳೆಯ ಮನೆಗಳಲ್ಲಿ ತೇಗದ ಪಟ್ಟಿಗಳ ಮೇಲೆ ತಗಡಿನ ಕ್ಲಿಪ್ಪುಗಳಿಂದ ತಂತಿಯನ್ನು ಬಿಗಿಯುತ್ತಿದ್ದ ಪದ್ಧತಿಗೆ ಅಂದ ಕಡಿಮೆಯಾದರೂ ಒಂದು ಸದ್ಗುಣವಿತ್ತು: ಇಲಿ ಕಡಿದುದಾಗಲಿ, ಹೊದಿಕೆ ಒಡೆದುದಾಗಲಿ ಮನೆಯ ಮಕ್ಕಳಿಗೂ ಕಾಣುತ್ತಿತ್ತು. ಆದರೆ ಆ ತಂತಿಗಳನ್ನು ಎಳೆದದ್ದು ಎರಡು ಬಲ್ಬು, ಒಂದು ರೇಡಿಯೋಗಳಿಗಾಗಿ. ಇಂದಿನ ಅಡಿಗೆಮನೆಯಲ್ಲಿ 2000 ವಾಟಿನ ಇಂಡಕ್ಷನ್ ಒಲೆ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 750 ವಾಟಿನ ಮಿಕ್ಸಿ ಮೂರಕ್ಕೂ ಮೇಲ್ಪಟ್ಟು. ಪಾತ್ರೆ ತೊಳೆಯುವಲ್ಲಿ ಬಿಸಿನೀರಿಗೆಂದು 3000 ವಾಟಿನ ಪುಟ್ಟ ಗೀಸರನ್ನು ಇರಿಸಿಕೊಂಡರೆ ಅದೊಂದಕ್ಕೇ ಹದಿಮೂರು. ಬೆಳಗಿನ ಹೊತ್ತು ಇವು ಮೂರೂ ಒಟ್ಟಿಗೆ ನಡೆದರೆ ಇಪ್ಪತ್ತೈದು ಆಂಪಿಯರ್ ಪ್ರವಾಹವಾಯಿತು. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿರುವುದೆಂದು ಜೇಮ್ಸ್ ಜೂಲ್ 1841ರಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಎಂದರೆ ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿ. ಸಾಮಾನ್ಯ ಪಿವಿಸಿ ಹೊದಿಕೆ ಸಹಿಸಬಲ್ಲ ಮಿತಿ 70 ಡಿಗ್ರಿ ಸೆಲ್ಸಿಯಸ್. ಮೂಲೆಯಲ್ಲಿ ಸೌದೆಯೊಲೆಯನ್ನೂ ಉಳಿಸಿಕೊಂಡಿರುವ ನಮ್ಮ ಅಡಿಗೆಮನೆಗಳಲ್ಲಿ, ಒಲೆಯ ಮೇಲ್ಗೋಡೆಯಲ್ಲಿ ಪೈಪು ಹಾಯಿಸಿದರೆ ತಂತಿಯು ಹೊರಗಿನ ಬೇಗೆಯನ್ನೂ ಒಳಗಿನ ಬೇಗೆಯನ್ನೂ ಒಟ್ಟಿಗೆ ಉಣ್ಣಬೇಕಾಗುತ್ತದೆ.

ಆದುದರಿಂದ ಮೊದಲು ನೋಡತಕ್ಕದ್ದು ತಂತಿಯ ಗಾತ್ರ. ದೀಪ, ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್, 16 ಆಂಪಿಯರಿನ ಪ್ಲಗ್ಗಿಗೆ 2.5, ಗೀಸರಿನಂಥ ಭಾರಕ್ಕೆ 4 ಎಂಬುದು ರೂಢಿಯ ಲೆಕ್ಕ. ಗೀಸರಿಗೂ ಇಂಡಕ್ಷನ್ ಒಲೆಗೂ ಮೈನ್ ಬೋರ್ಡಿನಿಂದಲೇ ಪ್ರತ್ಯೇಕ ತಂತಿ ಬರಬೇಕು, ಒಂದು ಪ್ಲಗ್ಗಿನಿಂದ ಇನ್ನೊಂದಕ್ಕೆ ಕಿತ್ತೆಳೆದ ತಂತಿ ಸಲ್ಲದು. ಸುರುಳಿಯ ಮೇಲೆ ಐಎಸ್ 694 ಎಂಬ ಮಾನಕದ ಸಂಖ್ಯೆ, ಐಎಸ್‌ಐ ಗುರುತು, ಅದರ ಕೆಳಗೆ ಸಿಎಂ/ಎಲ್ ಎಂದು ತೊಡಗುವ ಪರವಾನಗಿ ಸಂಖ್ಯೆ ಇರಬೇಕು. ಆ ಸಂಖ್ಯೆ ನಿಜವೋ ಸುಳ್ಳೋ ಎಂಬುದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪಿನಲ್ಲಿ ಯಾರು ಬೇಕಾದರೂ ಪರಾಂಬರಿಸಬಹುದು. ಮೊಬೈಲಿಗಿಂತ ತಕ್ಕಡಿಯಲ್ಲಿ ಹೆಚ್ಚು ವಿಶ್ವಾಸವುಳ್ಳ ಅಡಿಕೆ ಬೆಳೆಗಾರರಿಗೆ ಇನ್ನೊಂದು ಉಪಾಯವುಂಟು. 90 ಮೀಟರ್ ಉದ್ದದ 2.5ರ ಸುರುಳಿಯಲ್ಲಿ ತಾಮ್ರವೊಂದೇ ಹೆಚ್ಚು ಕಡಿಮೆ ಎರಡು ಕಿಲೋಗ್ರಾಂ ಇರಬೇಕು, ಪಿವಿಸಿಯ ಭಾರ ಅದಕ್ಕೂ ಮೇಲೆ. ಹೊದಿಕೆಸಮೇತ ಎರಡು ಕಿಲೋ ತೂಗದ ಸುರುಳಿಯನ್ನು ಅಂಗಡಿಗೆ ಹಿಂದಿರುಗಿಸಲು ಬೇರೆ ಕಾರಣ ಬೇಕಿಲ್ಲ.

ಒಳ್ಳೆಯ ತಂತಿಯನ್ನು ತಂದ ಮಾತ್ರಕ್ಕೆ ಕೆಲಸ ಒಳ್ಳೆಯದಾಗುವುದಿಲ್ಲ. ವಯರಿಂಗಿನಲ್ಲಿ ಬೆಂಕಿಗೆ ಹೆಚ್ಚಾಗಿ ಎಡೆಗೊಡುವುದು ಜೋಡಣೆಯ ಸ್ಥಳ: ಸ್ಕ್ರೂವಿನ ಕೆಳಗೆ ಸಡಿಲವಾಗಿ ಕುಳಿತ ಎಳೆ, ತಿರುಚಿ ಟೇಪು ಸುತ್ತಿ ಪೈಪಿನೊಳಕ್ಕೆ ತಳ್ಳಿದ ಗಂಟು, ಹಳೆಯ ಅಲ್ಯೂಮಿನಿಯಂ ತಂತಿಗೆ ಹೊಸ ತಾಮ್ರವನ್ನು ನೇರವಾಗಿ ಹೆಣೆದು ಮಾಡಿದ ಉಳಿತಾಯ. ಈ ಕಡೆಯದನ್ನು ನಾನು ಕ್ಷಮಿಸಲಾರೆ. ಈ ಎರಡು ಲೋಹಗಳು ಘಟ್ಟದ ಬುಡದ ತೇವದ ಗಾಳಿಯಲ್ಲಿ ಒಂದಕ್ಕೊಂದು ತಗುಲಿಕೊಂಡಿದ್ದರೆ ಅಲ್ಯೂಮಿನಿಯಂ ಬಹುಬೇಗ ಸವೆದು, ಸಂಪರ್ಕ ಸಡಿಲವಾಗಿ ಕಾಯತೊಡಗುತ್ತದೆ. ಪೈಪಿನೊಳಗೆ ಎಲ್ಲಿಯೂ ಗಂಟಿರಬಾರದು, ಇರುವ ಗಂಟೆಲ್ಲವೂ ತೆರೆಯಬಹುದಾದ ಪೆಟ್ಟಿಗೆಯಲ್ಲಿರಬೇಕು. ಪೈಪಿನ ಅರ್ಧಕ್ಕಿಂತ ಹೆಚ್ಚು ಬರಿದಾಗಿದ್ದು, ಒಂದು ತಂತಿಯನ್ನು ಈ ತುದಿಯಲ್ಲಿ ಎಳೆದರೆ ಆ ತುದಿಯಲ್ಲಿ ಅಲುಗಬೇಕು. ಪೈಪುಗಳು ನೆಟ್ಟಗೆ ಮೇಲಕ್ಕೋ ಅಡ್ಡಕ್ಕೋ ಹೋಗಬೇಕಲ್ಲದೆ ಮೂಲೆಯಿಂದ ಮೂಲೆಗೆ ಓರೆಯಾಗಿ ಓಡಬಾರದು, ಏಕೆಂದರೆ ಮುಂದೊಂದು ದಿನ ಅಲ್ಲಿ ಯಾರಾದರೂ ಮೊಳೆ ಹೊಡೆಯುತ್ತಾರೆ.

ಇನ್ನು ರಕ್ಷಣೆಯ ವಿಚಾರ. ಪ್ರವಾಹ ಮಿತಿಮೀರಿದರೆ ತಾನಾಗಿ ಬೀಳುವ ಎಂಸಿಬಿ ಇದ್ದ ಮೇಲೆ ಶಾಕಿನ ಭಯವಿಲ್ಲವೆಂದು ತಿಳಿದವರೇ ಬಹಳ. ಅದು ಕಾಪಾಡುವುದು ತಂತಿಯನ್ನು, ಮನುಷ್ಯನನ್ನಲ್ಲ. ಪ್ಲಗ್ಗಿನ ಎಂಸಿಬಿಯ ಮಿತಿಯಾದ 16 ಆಂಪಿಯರ್ ಎಂದರೆ 16,000 ಮಿಲಿಆಂಪಿಯರ್. ಒದ್ದೆಗೈಯಲ್ಲಿ ಗ್ರೈಂಡರನ್ನು ಮುಟ್ಟಿದವರ ಎದೆಯನ್ನು ಹಾದುಹೋಗಿ ಪ್ರಾಣಾಪಾಯ ತರಬಲ್ಲ ಪ್ರವಾಹ ಇದರ ಐನೂರನೆಯ ಒಂದಂಶದ ಆಸುಪಾಸಿನದು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿಲ್ಲವೆಂಬುದನ್ನು ಕಂಡು, 30 ಮಿಲಿಆಂಪಿಯರಿನ ವ್ಯತ್ಯಾಸಕ್ಕೇ ಸೆಕೆಂಡಿನ ಅಲ್ಪಾಂಶದಲ್ಲಿ ಕರೆಂಟನ್ನು ಕಡಿಯುವ ಸಾಧನಕ್ಕೆ ಆರ್‌ಸಿಸಿಬಿ ಎಂದು ಹೆಸರು. ಸದಾ ನೀರು ಚೆಲ್ಲುವ ಅಡಿಗೆಮನೆಗೆ ಇದು ಅತ್ಯಗತ್ಯ. ಆದರೂ ನಮ್ಮ ಕಡೆಯ ಎಷ್ಟೋ ಬೋರ್ಡುಗಳಲ್ಲಿ ಇದನ್ನು ತಂದು ಹಾಕಿ, ಕೆಲವು ದಿನಗಳ ಮೇಲೆ ತೆಗೆದು, ತಂತಿಯನ್ನು ನೇರ ಜೋಡಿಸಿಬಿಟ್ಟಿರುತ್ತಾರೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಈ ಊರುಗಳಲ್ಲಿ ಇನ್‌ವರ್ಟರ್ ಇಲ್ಲದ ಮನೆ ಅಪರೂಪ. ಇನ್‌ವರ್ಟರಿನ ನ್ಯೂಟ್ರಲನ್ನೂ ಆರ್‌ಸಿಸಿಬಿಯ ಕೆಳಗಿನ ನ್ಯೂಟ್ರಲನ್ನೂ ಅವಸರದಲ್ಲಿ ಒಂದುಗೂಡಿಸಿದರೆ ಲೆಕ್ಕ ತಪ್ಪಿ ಆ ಸಾಧನ ಮತ್ತೆ ಮತ್ತೆ ಬೀಳುತ್ತದೆ. ನ್ಯೂಟ್ರಲುಗಳನ್ನು ಬೇರ್ಪಡಿಸುವುದಕ್ಕೆ ಒಂದು ದಿನದ ಕೆಲಸ ಬೇಕು, ಸಾಧನವನ್ನೇ ಕಳಚುವುದಕ್ಕೆ ಹತ್ತು ನಿಮಿಷ ಸಾಕು. ಗೃಹಸ್ಥನಾದವನು ಯಾವುದನ್ನು ಒಪ್ಪಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ಕೇಳತಕ್ಕ ಪರೀಕ್ಷೆ ಮೆಗ್ಗರಿನದು. ಮೈನ್ ಸ್ವಿಚ್ಚನ್ನು ಆರಿಸಿ, ಉಪಕರಣಗಳನ್ನೆಲ್ಲ ಕಳಚಿ, ತಂತಿಗಳ ಮೇಲೆ 500 ವೋಲ್ಟಿನ ನೇರ ಪ್ರವಾಹದ ಒತ್ತಡವನ್ನಿಟ್ಟು, ಹೊದಿಕೆಯ ಮೂಲಕ ಎಷ್ಟು ಸೋರುತ್ತದೆಂದು ಅಳೆಯುವ ಈ ಯಂತ್ರ 1 ಮೆಗಾಓಮಿಗಿಂತ ಕಡಿಮೆ ತೋರಿಸಿದರೆ ದೋಷವುಂಟೆಂದೇ ಅರ್ಥ. ಟೆಸ್ಟರಿನ ದೀಪ ಬೆಳಗಿತೆಂದು ತೃಪ್ತರಾಗುವವರಿಗೆ ಈ ಸೋರಿಕೆ ತಿಳಿಯುವುದೇ ಇಲ್ಲ.

ಚಾರ್ಮಾಡಿಯಂಥ ಊರಿನಲ್ಲಿ ಇದಕ್ಕೊಂದು ತೊಡಕುಂಟು. ಕೆಲಸ ನಡೆಯುವುದು ಬೇಸಿಗೆಯಲ್ಲಿ. ಆಗ ಗೋಡೆ ಒಣಗಿರುವುದರಿಂದ ಒಡೆದ ಹೊದಿಕೆಯೂ ಮೆಗ್ಗರಿನ ಮುಂದೆ ಸಂಭಾವಿತನಂತೆ ನಿಲ್ಲುತ್ತದೆ. ಕೆಂಪುಕಲ್ಲು ನೀರು ಹೀರಿ, ಗಾರೆಯೆಲ್ಲ ತಣ್ಣಗಾಗುವ, ಮಳೆಗಾಲದ ನಡುವಿನ ಆಟಿ ತಿಂಗಳಿನಲ್ಲಿ ಮಾತ್ರ ಅದರ ನಿಜಸ್ವರೂಪ ಬಯಲಾಗುವುದು. ಅರ್ತಿಂಗಿನ ಕಥೆ ಇದಕ್ಕೆ ವಿಪರೀತ: ಕನಿಷ್ಠ ಎರಡೂವರೆ ಮೀಟರ್ ಉದ್ದದ ಕಬ್ಬಿಣದ ಪೈಪನ್ನು ಇದ್ದಲು ಉಪ್ಪುಗಳೊಡನೆ ಹೂತರೂ, ಏಪ್ರಿಲಿನಲ್ಲಿ ಜಂಬಿಟ್ಟಿಗೆಯ ನೆಲ ಒಣಗಿ ಬಿರಿದಾಗ ಅದರ ರೋಧ ಏರುತ್ತದೆ, ಮಳೆಗಾಲದಲ್ಲಿ ತಾನಾಗಿಯೇ ಇಳಿಯುತ್ತದೆ. ಆದಕಾರಣ ಇಲ್ಲಿ ಅರ್ತಿಂಗನ್ನು ಬೇಸಿಗೆಯಲ್ಲಿಯೂ ಹೊದಿಕೆಯನ್ನು ಮಳೆಗಾಲದಲ್ಲಿಯೂ ಪರೀಕ್ಷಿಸುವುದು ಯುಕ್ತ. 2019ರ ಆಗಸ್ಟಿನಂಥ ನೆರೆ ಮನೆಯೊಳಗೆ ನುಗ್ಗಿ ಇಳಿದ ಮೇಲಂತೂ, ಮುಳುಗಿದ ಸ್ವಿಚ್ಚು, ಎಂಸಿಬಿಗಳನ್ನು ಬದಲಾಯಿಸಿ ಮತ್ತೊಮ್ಮೆ ಮೆಗ್ಗರ್ ಹಿಡಿಯದೆ ಮೈನ್ ಸ್ವಿಚ್ಚನ್ನು ಏರಿಸತಕ್ಕದ್ದಲ್ಲ.

ಕೆಲಸಕ್ಕೆ ಕರೆಯುವಾತನಿಗೆ ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಪರವಾನಗಿ ಇರಬೇಕು. ಹೊಸ ಭಾರಕ್ಕೆ ತಕ್ಕಂತೆ ಮಂಜೂರಾದ ಲೋಡನ್ನು ವಿದ್ಯುತ್ ಸರಬರಾಜು ಕಂಪನಿಯಾದ ಮೆಸ್ಕಾಮಿನಲ್ಲಿ ಏರಿಸಿಕೊಳ್ಳಬೇಕು. ಗಾರೆ ಬೀಳುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆದಿಡುವುದು ಖರ್ಚಿಲ್ಲದ ಜಾಣತನ. ಹಣದ ಮಾತನ್ನು ಮಾತ್ರ ಆರಂಭದಲ್ಲಿಯೇ ಆಡಿಕೊಂಡಿರಬೇಕು: ಕೂಲಿಯ ಒಂದು ಪಾಲು ಆಟಿಯಲ್ಲಿ ಎಲೆಕ್ಟ್ರಿಷಿಯನ್ ಮೆಗ್ಗರಿನೊಡನೆ ಮತ್ತೊಮ್ಮೆ ಬಂದುಹೋದ ಮೇಲೆ ಸಲ್ಲುವುದೆಂದು. ಒಳ್ಳೆಯ ಕೆಲಸಗಾರನು ಇದಕ್ಕೆ ಬೇಸರಿಸುವುದಿಲ್ಲ. ಮಳೆಗಾಲದಲ್ಲಿ ಆತನಿಗೂ ಕೆಲಸ ಕಡಿಮೆ.